ಕುಕೀಗಳ ಮುಂದೆ ದಾಕ್ಷಿಣ್ಯ

'ಬೇಡ' ಎನ್ನುವುದು ನನ್ನ ಜಾಯಮಾನದಲ್ಲೇ ಇಲ್ಲ. ನಮ್ಮ ಹೊಸನಗರದ ಕಡೆ ಯಾರದಾದರೂ ಮನೆಗೆ ಹೋದವನು ಎರಡನೇ ಲೋಟ ಕಷಾಯ ಬೇಡವೆಂದರೆ ಮೊದಲನೆಯದು ಕೆಟ್ಟಿತ್ತು ಎಂದೇ ಅರ್ಥ. ಹೀಗೆ ಬೆಳೆದವನು ಒಂದು ವೆಬ್‌ಸೈಟಿಗೆ ಹೋದಾಗ ಅದು ಬಾಗಿಲಲ್ಲೇ ನಿಂತು 'ಕುಕೀಗಳನ್ನು ಒಪ್ಪುತ್ತೀರಾ?' ಎಂದು ವಿನಯದಿಂದ ಕೇಳಿದರೆ ಏನು ಮಾಡಿಯಾನು? ನಿರಾಕರಿಸುವ ಗುಂಡಿಯೂ ಮೂಲೆಯಲ್ಲಿರುತ್ತದೆ, ಒತ್ತಿದರೆ ಮನೆಯವರು ನೊಂದುಕೊಂಡಾರು ಎನ್ನಿಸುತ್ತದೆ. ಅಲಂಕಾರಶಾಸ್ತ್ರದಲ್ಲಿ ದಕ್ಷಿಣ ನಾಯಕ ಎಂಬೊಬ್ಬನಿದ್ದಾನೆ. ಹಲವು ನಾಯಕಿಯರಿದ್ದರೂ ಯಾರನ್ನೂ ನೋಯಿಸದೆ ಎಲ್ಲರೊಂದಿಗೂ ಸಮನಾಗಿ ನಡೆದುಕೊಳ್ಳುವವನು. ಒಬ್ಬಳೇ ಹೆಂಡತಿಯ ಮುಂದೆ ನನಗೆ ಆ ಪದವಿ ದಕ್ಕಲಿಲ್ಲ. ವೆಬ್‌ಸೈಟುಗಳ ಮುಂದೆ ಮಾತ್ರ ನಾನು ಸಾಕ್ಷಾತ್ ದಕ್ಷಿಣ ನಾಯಕ.

ಕುಕೀ ಎಂದರೆ, ನಾವು ಬಂದುಹೋದದ್ದನ್ನು ನೆನಪಿಡಲು ಆ ತಾಣಗಳು ನಮ್ಮದೇ ಕಂಪ್ಯೂಟರಿನಲ್ಲಿ ಬರೆದಿಡುವ ಪುಟ್ಟ ಚೀಟಿ. ಕೆಲವು ಉಪಕಾರಿಗಳು, ಕೆಲವು ಬರೀ ಚಾಡಿಕೋರರು. ಇದು ನನಗೆ ತಿಳಿದದ್ದು ಕಿವಿಯಿಂದಾಗಿ.

ಒಂದು ವರ್ಷದಿಂದ ನನ್ನ ಎಡಗಿವಿ ಕೇಳುತ್ತಿಲ್ಲ. ಯಾರಿಗೂ ಹೇಳಿರಲಿಲ್ಲ. ನಾನು ತಾಳಮದ್ದಳೆಯಲ್ಲಿ ಅರ್ಥ ಹೇಳುವವನು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಯಕ್ಷಗಾನದ ಪದ್ಯಕ್ಕೆ ಪಾತ್ರಧಾರಿಗಳು ಕೂತಲ್ಲೇ ಮಾತು ಹುಟ್ಟಿಸಿ ವಾದ ಹೂಡಬೇಕು. ಎದುರಾಳಿಯ ಮಾತು ಕಿವಿಗೆ ಬೀಳದವನಿಗೆ ಅಲ್ಲೇನು ಕೆಲಸ? ಸುದ್ದಿ ಹರಡಿದರೆ ಕೂಟಕ್ಕೆ ಕರೆಯುವುದನ್ನೇ ಬಿಟ್ಟಾರು ಎಂದು ನಿಜಕ್ಕೂ ಹೆದರಿದ್ದೆ. ಹಾಗಾಗಿ ಗುಟ್ಟಾಗಿ ಶ್ರವಣಯಂತ್ರಗಳನ್ನು ಹುಡುಕಿದೆ, ಕೇಳಿದ್ದಕ್ಕೆಲ್ಲ ಒಪ್ಪಿಗೆ ಒತ್ತುತ್ತಲೇ.

ಸುಬ್ರಾಯ ನನ್ನ ಮೂವತ್ತು ವರ್ಷಗಳ ಖಾಯಂ ಎದುರಾಳಿ. ಕೂಟದಲ್ಲಿ ಗಂಟೆಗಟ್ಟಲೆ ಒಬ್ಬರನ್ನೊಬ್ಬರು ಬೈದು, ಪಕ್ಕಪಕ್ಕದಲ್ಲೇ ಊಟಕ್ಕೆ ಕೂರುವವರು ನಾವು. ನಿಟ್ಟೂರಿನ ಕೂಟಕ್ಕೆ ಪದ್ಯ ಹುಡುಕಲು ಬಂದವನು ನನ್ನ ಲ್ಯಾಪ್‌ಟಾಪ್ ತೆರೆದ. ಪದ್ಯದ ಮೇಲೊಂದು ಕಿವಿಯಂತ್ರದ ಜಾಹೀರಾತು, ಕೆಳಗೆ ಇನ್ನೊಂದು.

"ಎಂತದಾ ಇದು? ಎಲ್ಲಿ ನೋಡಿರೂ ಕಿವಿ ಮಿಷನ್ನೇ ಬತ್ತಲೋ!"

"ಅದು ಎಲ್ಲರಿಗೂ ಬತ್ತು ಮಾರಾಯ," ಎಂದು ಲ್ಯಾಪ್‌ಟಾಪ್ ಮುಚ್ಚಿದೆ.

ಅವನು ಹೋದದ್ದೇ ತಡ, ನನ್ನ ಹುಡುಕಾಟದ ಚಾಡಿ ಹೇಳಿದ್ದು ಕುಕೀಗಳೇ ಎಂದು ಓದಿ ತಿಳಿದು, ಹಟ ಹಿಡಿದು ಕೂತೆ. ಸೆಟ್ಟಿಂಗ್ಸ್‌ಗೆ ಹೊಕ್ಕು ಕುಕೀಗಳನ್ನೆಲ್ಲ ಅಳಿಸಿದೆ. ಒಂದು ತಾಣಕ್ಕೆ ಹೋದಾಗ ಅದರ ಬೆನ್ನಿಗೆ ಅಂಟಿಕೊಂಡು ಬರುವ ಹೊರಗಿನವರ ಕುಕೀಗಳಿಗೆ ಬಾಗಿಲು ಹಾಕಿದೆ. 'ಖಚಿತವೇ?' ಎಂದು ಬ್ರೌಸರ್ ಕೇಳಿತು. ಮದುವೆಯ ದಿನವೂ ನಾನು ಅಷ್ಟು ಖಚಿತವಾಗಿರಲಿಲ್ಲ. ಆಮೇಲೆ ಬ್ಯಾಂಕು, ಕರೆಂಟು ಬಿಲ್ಲು, ಈಮೇಲು ಎಲ್ಲವೂ 'ನೀವು ಯಾರು?' ಎಂದವು. ಮರೆತ ಪಾಸ್‌ವರ್ಡುಗಳ ಹಿಂದೆ ಅರ್ಧ ದಿನ ಅಲೆದೆ. ಆದರೂ ಬಗ್ಗಲಿಲ್ಲ. ಈಗ ಪ್ರತಿ ಭಾನುವಾರ ಅಳಿಸುತ್ತೇನೆ, ಮೂಲೆಯ ಗುಂಡಿಯನ್ನು ಹುಡುಕಿ ಒತ್ತುತ್ತೇನೆ. ಅದೇ ಹುರುಪಿನಲ್ಲಿ ತೀರ್ಥಹಳ್ಳಿಯ ನೆಂಟರ ಮನೆಯಲ್ಲಿ ಎರಡನೇ ಸಲದ ಪಾಯಸ ಬೇಡವೆಂದೆ. ನನಗೆ ಸಕ್ಕರೆ ಕಾಯಿಲೆ ಎಂದು ಅವರು ಸಾಗರದವರೆಗೂ ಸುದ್ದಿ ಮುಟ್ಟಿಸಿದ್ದಾರೆ. ಅದನ್ನು ಅಳಿಸುವ ಸೆಟ್ಟಿಂಗ್ ಇಲ್ಲ.

ಜಾಹೀರಾತುಗಳು ನಿಂತವು. ಸುಬ್ರಾಯನಿಗೆ ಹೇಳಿದ ಸುಳ್ಳು ಮಾತ್ರ ಚುಚ್ಚುತ್ತಲೇ ಇತ್ತು. ನನ್ನ ಕಿವಿಯ ಸುದ್ದಿಯನ್ನು ಯಾರೋ ಅಂಗಡಿಯವರು ಸಾರಬಾರದೆಂಬ ಹಟ ಸರಿಯೇ. ಆದರೆ ಹೇಳಬೇಕಾದವರಿಗೆ ನಾನಾದರೂ ಹೇಳಬೇಡವೇ? ಮೊದಲು ಹೆಂಡತಿಗೆ ಹೇಳಿದೆ. "ಗೊತ್ತಿದ್ದು," ಎಂದಳು, ಒಗ್ಗರಣೆಯಿಂದ ಕಣ್ಣೆತ್ತದೆ.

ಕೂಟದ ದಿನ ನಿಟ್ಟೂರಿನ ಬಸ್ಸಿನಲ್ಲಿ, ಗಟ್ಟಿ ಮನಸ್ಸು ಮಾಡಿ ಸುಬ್ರಾಯನಿಗೂ ಹೇಳಿದೆ.

"ಎಡಗಿವಿ ಕೇಳ್ತಿಲ್ಲೆ ಸುಬ್ರಾಯ. ಆನು ಇನ್ನು ಕೂಟಕ್ಕೆ ಬಪ್ಪದು ಬೇಡ ಅಂತಾದ್ರೆ ಈಗಲೇ ಹೇಳ್ಬಿಡು."

ಅವನು ಸೀಟಿನಲ್ಲೇ ನನ್ನ ಕಡೆ ತಿರುಗಿದ.

"ಬಲಗಿವಿ ಕೇಳ್ತಲ?"

"ಕೇಳ್ತು."

"ಹಂಗಾರೆ ಇವತ್ತು ಆನು ಆ ಬದಿಗೆ ಕೂತ್ಗಂಡು ಬೈತಿ."