ಓನರಜ್ಜಿಗೆ ಹೇಳಿದ ಅಮೆರಿಕದ ಕಥೆ

ಹೋದ ವಾರ ಯಲಹಂಕದ ಮಾರ್ಕೆಟ್ಟಿನಲ್ಲಿ ಅವರೆಕಾಯಿ ರಾಶಿ ಹಾಕಿದ್ದರು. ಸೊಗಡು ಹೇಗಿದೆ ನೋಡೋಣ ಎಂದು ಒಂದು ಕಾಯಿ ಮುರಿದು ಮೂಗಿಗೆ ಹಿಡಿದೆ, ಅಷ್ಟೇ. ಏಳು ವರ್ಷದ ಹಿಂದೆ ನಾವು ಬಾಡಿಗೆಗಿದ್ದ ಮನೆಯ ಓನರಜ್ಜಿ, ಮಡಿಲಲ್ಲಿ ಮೊರ ಇಟ್ಟುಕೊಂಡು, ಬೆರಳಿಗೆಲ್ಲ ಅವರೆಯ ಅಂಟು ಮೆತ್ತಿಕೊಂಡು ಆಡಿದ ಒಂದು ಮಾತು, ಆ ಗದ್ದಲದ ನಡುವೆ ಕಿವಿಯ ಪಕ್ಕದಲ್ಲೇ ಕೇಳಿಸಿದಂತಾಯಿತು... ಮಾರುವವನು ಎಷ್ಟು ಕೆಜಿ ಎಂದು ಎರಡು ಸಲ ಕೇಳಿದ. ನಾನು ಏನೂ ಕೊಳ್ಳದೆ ಬಂದುಬಿಟ್ಟೆ.

ನಾವು ಬಾಗಲಕೋಟೆ ಕಡೆಯವರು. ಅಮ್ಮ ಏರ್‌ಪೋರ್ಟ್ ರಸ್ತೆಯ ಒಂದು ಇಂಟರ್‌ನ್ಯಾಷನಲ್ ಶಾಲೆಯಲ್ಲಿ ಕೆಮಿಸ್ಟ್ರಿ ಲ್ಯಾಬ್ ನೋಡಿಕೊಳ್ಳುತ್ತಿದ್ದಳು. ಸಿಬ್ಬಂದಿಯ ಮಕ್ಕಳಿಗೆ ಫೀಸಿಲ್ಲ ಎನ್ನುವ ಒಂದೇ ಕಾರಣಕ್ಕೆ ನಾನು ಆ ಶಾಲೆಯ ಹುಡುಗಿ. ಅಲ್ಲಿ ಹನ್ನೊಂದನೇ ತರಗತಿಯವರು ಕಾಲೇಜು ಮಟ್ಟದ ಪರೀಕ್ಷೆಯೊಂದನ್ನು ಬರೆಯಬೇಕಿತ್ತು. ನನ್ನ ಪಾಲಿಗೆ ಬಂದದ್ದು ಎ.ಪಿ. ಅಮೆರಿಕನ್ ಹಿಸ್ಟರಿ. ಊರಲ್ಲಿ ಸೋದರಮಾವ ಕೇಳಿ ನಕ್ಕಿದ್ದೇ ನಕ್ಕಿದ್ದು. ನಮ್ಮ ಇತಿಹಾಸ ತೀರಿ ಹೋಗೇತೇನವಾ, ಮಂದೀದು ತಂದು ಓದಾಕತ್ತೀಯಲ್ಲ ಎಂದು ಫೋನಿನಲ್ಲೇ ಗೋಳು ಹೊಯ್ದುಕೊಂಡ. ಪುಸ್ತಕವೋ ತಲೆದಿಂಬಿನಷ್ಟು ದಪ್ಪ. ಮೇ ತಿಂಗಳಲ್ಲಿ ಪರೀಕ್ಷೆ. ಐದಕ್ಕೆ ಐದು ಬರಲೇಬೇಕೆಂದು ನಾನು ಹಟ ಹಿಡಿದಿದ್ದೆ, ಪುಕ್ಕಟೆ ಓದುವ ಹುಡುಗಿ ಎಂದು ಯಾರೂ ಅನ್ನಬಾರದಲ್ಲ.

ಮನೆ ಹುಣಸಮಾರನಹಳ್ಳಿಯ ಒಳಬೀದಿಯಲ್ಲಿ, ಎರಡನೇ ಮಹಡಿ. ಕೆಳಗೆ ಓನರ್, ಅವರ ಹೆಂಡತಿ, ಮತ್ತು ಓನರ್ ತಾಯಿ, ಅಂದರೆ ನಮ್ಮ ಓನರಜ್ಜಿ. ಹಳೇ ಊರಿನ ಒಕ್ಕಲುತನದ ಮನೆ. ಹೊಲವೆಲ್ಲ ಲೇಔಟಾಗಿ, ಇದ್ದ ಜಾಗದಲ್ಲಿ ನಾಲ್ಕು ಮಹಡಿ ಎದ್ದಿತ್ತು. ನನಗೊಂದು ಚಾಳಿ: ಇಂಗ್ಲಿಷಿನಲ್ಲಿ ಓದಿದ್ದನ್ನು ಕನ್ನಡದಲ್ಲಿ ಗಟ್ಟಿಯಾಗಿ ಹೇಳಿಕೊಂಡರೆ ಮಾತ್ರ ತಲೆಯಲ್ಲಿ ನಿಲ್ಲುತ್ತದೆ. ಮೆಟ್ಟಿಲಲ್ಲಿ ಕೂತು ಹಾಗೆ ವಟಗುಟ್ಟುತ್ತಿದ್ದಾಗ ಅಜ್ಜಿ ಬಾಗಿಲಿನಿಂದ ಇಣುಕಿ, ಗೋಡೆಗೆ ಯಾಕೆ ಹೇಳ್ತೀಯ, ನನಗೆ ಹೇಳು ಬಾ ಎಂದು ಕರೆದರು. ಅವರ ಬಾಯಲ್ಲಿ ಹೇಳು ಅನ್ನುವುದು ಏಳು ಆಗುತ್ತಿತ್ತು, ಹೋಗು ಅನ್ನುವುದು ಓಗು. ಮೊದಮೊದಲು ನಾನು ಮುಸಿಮುಸಿ ನಗುತ್ತಿದ್ದೆ, ಆಮೇಲೆ ಅಭ್ಯಾಸವಾಯಿತು.

ಶಾಲೆಯಿಂದ ಬಂದವಳೇ ಮುಖ ತೊಳೆದು ಅವರ ಪಡಸಾಲೆಗೆ ಓಡುವುದು, ಅಂದಿನ ಪಾಠ ಒಪ್ಪಿಸುವುದು. ಅವರು ಧಾರಾವಾಹಿ ನೋಡುವವರಂತೆ ಕೇಳುತ್ತಿದ್ದರು. ಬಂದರಿನಲ್ಲಿ ಚಹಾ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದರು ಎಂದರೆ, ಅಯ್ಯೋ, ಕುಡಿಯೋ ವಸ್ತೂನ ನೀರಿಗೆ ಹಾಕಿದರಾ ಎಂದು ಲೊಚಗುಟ್ಟುವರು. ಅಲ್ಲಿನ ಮೂಲ ಜನರಿಂದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ನೆಲ ಬರೆಸಿಕೊಂಡರು ಎಂದಾಗ ಮಾತ್ರ ಮೊರ ಅಲ್ಲಾಡುವಷ್ಟು ನಕ್ಕರು. ನಮ್ಮ ಊರಿನ ಬ್ರೋಕರುಗಳನ್ನು ಕಳಿಸಿದ್ದರೆ ಇನ್ನೂ ಬೇಗ ಆಗುತ್ತಿತ್ತಂತೆ. ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆ ಎಂದು ನಾನು ಮರೆತರೂ ಅವರು ಮರೆಯುತ್ತಿರಲಿಲ್ಲ. ಹೀಗೆ ಓದಿದ್ದಕ್ಕೇ ನನಗೆ ಒಂದೊಂದು ಕಾಲಘಟ್ಟವೂ ಬಾಯಿಪಾಠವಾಯಿತು, ಸುಳ್ಳಲ್ಲ.

ಪಡಸಾಲೆಯ ಕಿಟಕಿಯಿಂದ ಗೇಟು ಕಾಣುತ್ತಿತ್ತು. ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ವಾಚ್‌ಮನ್ ತಾತ. ಬೆಳಿಗ್ಗೆ ನನ್ನ ಬ್ಯಾಗನ್ನು ಶಾಲಾ ಬಸ್ಸಿಗೆ ಎತ್ತಿಕೊಡುತ್ತಿದ್ದವರು, ಮೋಟರ್ ಹಾಕುತ್ತಿದ್ದವರು, ಕಸದ ಗಾಡಿ ಬಂದರೆ ಎಲ್ಲ ಮಹಡಿಗೂ ಕೂಗು ಹಾಕುತ್ತಿದ್ದವರು. ಅವರ ಟೀ ಲೋಟ ಕಾಂಪೌಂಡಿನ ಗೋಡೆಯ ಮೇಲೆಯೇ ಇರುತ್ತಿತ್ತು, ಅಡುಗೆಮನೆಗೆ ಹೋಗುತ್ತಿರಲಿಲ್ಲ. ಅದೇಕೆ ಎಂದು ನಾಲ್ಕು ವರ್ಷ ಅಲ್ಲಿದ್ದ ನಾನು ಒಂದು ದಿನವೂ ಕೇಳಿಕೊಂಡವಳಲ್ಲ.

ಜನವರಿಯಲ್ಲಿ ಗುಲಾಮಗಿರಿಯ ಅಧ್ಯಾಯಕ್ಕೆ ಬಂದೆವು. ಅಜ್ಜಿ ಕಾಮೆಂಟು ಹೊಡೆಯುವುದನ್ನು ನಿಲ್ಲಿಸಿದ್ದರು. ನಾನು ಗಮನಿಸಲಿಲ್ಲ, ನನ್ನ ಉತ್ಸಾಹ ನನಗೆ. ಅಂತರ್ಯುದ್ಧದ ನಡುವೆ ಅಧ್ಯಕ್ಷ ಗುಲಾಮರಿಗೆ ಬಿಡುಗಡೆ ಸಾರಿದರೂ ಟೆಕ್ಸಾಸಿನ ಗುಲಾಮರಿಗೆ ಅದು ಗೊತ್ತಾದದ್ದು ಎರಡೂವರೆ ವರ್ಷ ಕಳೆದ ಮೇಲೆ ಎಂದೆ. ಆಗ ಫೋನೇ, ಟಿವಿಯೇ, ಸುದ್ದಿ ಹೋಗುವುದು ನಿಧಾನ ಅಲ್ವಾ ಅಜ್ಜಿ ಎಂದು ನಾನೇ ಸಮಜಾಯಿಷಿಯನ್ನೂ ಕೊಟ್ಟೆ. ಅವರೆ ಹಿತುಕುತ್ತಿದ್ದ ಕೈ ನಿಂತಿತು.

"ಸುದ್ದಿ ನಿಧಾನ ಅಲ್ಲ ಕಣೇ. ಸುಗ್ಗಿ ಮುಗೀಲಿ ಅಂತ ಏಳಿರಲ್ಲ."

ನಿಮಗೆ ಹೇಗೆ ಗೊತ್ತು, ಅಮೆರಿಕಕ್ಕೆ ಯಾವಾಗ ಹೋಗಿಬಂದಿರಿ ಎಂದು ತಮಾಷೆ ಮಾಡಿದೆ.

"ನಾವೂ ಏಳ್ಲಿಲ್ಲ ಕಣೇ," ಎಂದರು. ಗದ್ದವೆತ್ತಿ ಕಿಟಕಿಯಾಚೆ ಗೇಟಿನ ಕಡೆ ತೋರಿಸಿದರು.

ತಾತ ಆ ಮನೆಯ ಜೀತದಾಳಾಗಿದ್ದವರು. ಅವರಪ್ಪ ಎಂದೋ ಮಾಡಿದ ಸಾಲಕ್ಕೆ ಹತ್ತು ವರ್ಷದವರಿದ್ದಾಗಲೇ ಬಂದು ದುಡಿಮೆಗೆ ಬಿದ್ದವರು. ಅಜ್ಜಿ ಮದುವೆಯಾಗಿ ಬಂದ ಎರಡನೇ ವರ್ಷ, ಎಮರ್ಜೆನ್ಸಿಯ ಕಾಲ. ಜೀತ ರದ್ದಾಯಿತು, ಆಳುಗಳನ್ನು ಬಿಟ್ಟುಬಿಡಬೇಕು, ಸಾಲವೆಲ್ಲ ಮನ್ನಾ ಎಂದು ಮರುದಿನ ಊರಲ್ಲಿ ತಮಟೆ ಬಡಿದು ಸಾರುತ್ತಾರೆಂದು ಅಜ್ಜಿಯ ಮಾವನವರ ಕಿವಿಗೆ ಮೊದಲೇ ಬಿತ್ತು. ರಾಗಿ ಕೊಯ್ಲು ಮುಂದಿತ್ತು. ಬೆಳಗಾಗುತ್ತಲೇ ಆಳಿನ ಕೈಗೆ ಎತ್ತಿನ ಗಾಡಿ ಕೊಟ್ಟು, ಹುಲ್ಲು ತರುವ ನೆವದಲ್ಲಿ ಚಿಕ್ಕಜಾಲಕ್ಕೆ, ಅಜ್ಜಿಯ ತವರಿಗೇ ಕಳಿಸಿದರು. ಎಂಟು ದಿನ ಅಲ್ಲೇ ಇರು ಎಂದರು. ಬಾಯಿ ಬಿಟ್ಟರೆ ನೀನೂ ಅತ್ತಲೇ ಹೋಗಬೇಕಾದೀತು ಎಂದು ಸೊಸೆಗೆ ಹೇಳಿದರು. ಬುತ್ತಿ ಕಟ್ಟಿಕೊಟ್ಟವರು ಅಜ್ಜಿ. ಆ ಕೊಯ್ಲು ಮುಗಿಯಿತು, ಮುಂದಿನದೂ ಮುಗಿಯಿತು. ಮಾವ ಸತ್ತು, ಗಂಡ ಟ್ರಾಕ್ಟರ್ ತಂದ ಮೇಲೆ, ಇನ್ನು ನೀನು ಕೂಲಿಗೆ ಬಾ ಸಾಕು ಎಂದರಂತೆ. ಅಷ್ಟರಲ್ಲಿ ಒಂಬತ್ತು ವರ್ಷ.

ಟೆಕ್ಸಾಸಿನಲ್ಲಿ ಎರಡೂವರೆ. ಇಲ್ಲಿ ಒಂಬತ್ತು... ಪುಸ್ತಕ ಎದೆಗವುಚಿಕೊಂಡು ಮೆಟ್ಟಿಲು ಹತ್ತಿ ಬಂದುಬಿಟ್ಟೆ. ಇಷ್ಟು ದಿನ ಗುಲಾಮರ ಒಡೆಯರೆಂದರೆ ಪುಸ್ತಕದ ಚಿತ್ರದಲ್ಲಿರುವ ಟೋಪಿಯ ಗಂಡಸರು ಎಂದುಕೊಂಡಿದ್ದೆ. ನನಗೆ ಹುರಿಗಡಲೆ ಕೊಡುತ್ತಿದ್ದ, ಜ್ವರ ಬಂದಾಗ ಗಂಜಿ ಕಳಿಸಿದ ಅಜ್ಜಿ ಎಂದು ಯಾರಾದರೂ ಅಂದುಕೊಳ್ಳುತ್ತಾರೆಯೇ? ಅಮ್ಮನಿಗೆ ಹೇಳಿದರೆ, ಮಂದಿ ಮನಿ ಸುದ್ದಿ ನಮಗ್ಯಾಕವಾ, ಬಾಡಿಗಿಗೆ ಇದ್ದವರು ನಾವು, ಸುಮ್ನ ಓದು ಎಂದಳು. ಮರುದಿನ ತಾತ ಬ್ಯಾಗ್ ಎತ್ತಿಕೊಳ್ಳಲು ಬಂದಾಗ ನಾನು ಕೊಡಲಿಲ್ಲ, ಕಸಿದುಕೊಂಡು ಓಡಿದೆ. ಪಾಪ, ಏನು ತಪ್ಪಾಯಿತೋ ಎಂದು ಅವರು ಪೆಚ್ಚಾಗಿ ನಿಂತರು.

ವಾರದ ಮೇಲೆ ಅಜ್ಜಿಯೇ ಹೇಳಿಕಳಿಸಿದರು. ಹೋದೆ, ಕೂರಲಿಲ್ಲ. ಮುಖ ಗಂಟಿಕ್ಕಿಕೊಂಡೇ ನಿಂತಿದ್ದೆ. ನಾನು ಸಾಯುವುದರೊಳಗೆ ಅವನಿಗೆ ಇದು ಗೊತ್ತಾಗಬೇಕು ಎಂದರು ಅಜ್ಜಿ. ಆ ವಾರದಲ್ಲಿ ಎರಡು ಸಲ ಟೀ ಹಿಡಿದುಕೊಂಡು ತಾವೇ ಗೇಟಿನವರೆಗೆ ಹೋಗಿದ್ದರಂತೆ. ಎರಡು ಸಲವೂ ಮೋಟರ್ ಆಫ್ ಮಾಡಿದೆಯಾ ಎಂದು ಕೇಳಿ ವಾಪಸ್ಸು ಬಂದಿದ್ದರು.

"ನೀ ಚೆಂದಾಕೆ ಏಳ್ತೀಯ ಮಗ. ನನ್ ಬಾಯಾಗೆ ಬರ್ತಿಲ್ಲ. ನನ್ನ ಪರವಾಗಿ ನೀನೇ ಏಳ್ಬಿಡು."

ಮಾಡಿದವರು ನೀವು, ಹೇಳುವವಳು ನಾನಾ ಎಂದು ಸಿಟ್ಟು ಬಂತು. ಆದರೆ ಆ ಮುಖ ನೋಡಿ ಇಲ್ಲ ಎನ್ನಲು ಆಗಲಿಲ್ಲ. ಆಯ್ತು ಅಜ್ಜಿ, ಪರೀಕ್ಷೆ ಮುಗೀಲಿ, ಹೇಳ್ತೀನಿ ಎಂದೆ. ಸುಗ್ಗಿ ಮುಗೀಲಿ ಅಂದವರ ಮಾತನ್ನೇ ನಾನೂ ಆಡಿದೆ ಎಂದು ಆಗ ಹೊಳೆಯಲೇ ಇಲ್ಲ. ಅಜ್ಜಿಗೆ ಹೊಳೆದಿರಬೇಕು. ತಲೆಯಾಡಿಸಿ ಮೊರ ಎತ್ತಿಕೊಂಡರು.

ಏಪ್ರಿಲ್‌ನಲ್ಲಿ ಶಾಲೆಯಲ್ಲಿ ಮಾದರಿ ಪರೀಕ್ಷೆ. ಏಳು ದಾಖಲೆಗಳನ್ನು ಕೊಟ್ಟು, ಅವುಗಳಿಂದ ವಾದ ಕಟ್ಟಿ ಒಂದು ಗಂಟೆಯೊಳಗೆ ಬರೆ ಎನ್ನುವ ಪ್ರಶ್ನೆ. ಟೆಕ್ಸಾಸಿಗೆ ಹೊರಟ ಬಿಡುಗಡೆಯ ಸುದ್ದಿ ದಾರಿಯಲ್ಲಿ ಸಿಕ್ಕಿಕೊಳ್ಳಲಿಲ್ಲ, ಗೊತ್ತಿದ್ದವರು ಬೆಳೆ ಕೈಗೆ ಬರಲೆಂದು ಬಾಯಿ ಮುಚ್ಚಿಕೊಂಡರು ಎಂದು ಬರೆದೆ. ಮೇಷ್ಟ್ರು ನನ್ನ ಉತ್ತರವನ್ನು ಇಡೀ ತರಗತಿಗೆ ಓದಿ ಹೇಳಿ, ಈ ಒಳನೋಟ ಎಲ್ಲಿಂದ ಬಂತು ಎಂದು ಕೇಳಿದರು. ಯೋಚನೆ ಮಾಡಿದೆ ಸರ್ ಎಂದೆ. ಸಂಜೆ ಅದೇ ಗೇಟಿನಲ್ಲಿ ತಾತನನ್ನು ದಾಟಿಕೊಂಡು ಮನೆಗೆ ಹೋದೆ. ಎಂಥಾ ನಾಚಿಕೆಗೆಟ್ಟವಳು ನಾನು ಎಂದು ಈಗಲೂ ಅನ್ನಿಸುತ್ತದೆ.

ಮೇ ತಿಂಗಳಲ್ಲಿ ಪರೀಕ್ಷೆ ಬರೆದು, ಐದು ಗ್ಯಾರಂಟಿ ಎಂದು ಕುಣಿಯುತ್ತ ಬಂದರೆ ಕೆಳಗಿನ ಮನೆಯ ಬಾಗಿಲಲ್ಲಿ ಚಪ್ಪಲಿ ರಾಶಿ. ಬೆಳಿಗ್ಗೆ ಸ್ನಾನಕ್ಕೆ ಹೋದಾಗ ಅಜ್ಜಿಗೆ ಲಕ್ವ ಹೊಡೆದಿತ್ತು. ಹೆಬ್ಬಾಳದ ಆಸ್ಪತ್ರೆಯಿಂದ ಎರಡು ವಾರದ ಮೇಲೆ ಕರೆತಂದರು. ಬಲಗಡೆಯೆಲ್ಲ ಬಿದ್ದುಹೋಗಿತ್ತು, ಮಾತಿಲ್ಲ. ಪಡಸಾಲೆಯಲ್ಲಿ ಕಿಟಕಿಗೆ ಮುಖ ಮಾಡಿ ಮಲಗಿಸಿದ್ದರು. ನಾನು ಹೋದರೆ ನನ್ನನ್ನು ನೋಡುವುದು, ಗೇಟನ್ನು ನೋಡುವುದು, ಮತ್ತೆ ನನ್ನನ್ನು ನೋಡುವುದು. ಅದರ ಅರ್ಥ ಮನೆಯಲ್ಲಿ ಬೇರೆ ಯಾರಿಗೂ ತಿಳಿಯುವಂತಿರಲಿಲ್ಲ.

ಒಂದು ಬೆಳಿಗ್ಗೆ ಗೇಟಿನ ಹತ್ತಿರ ತಾತನ ಹೊರತು ಯಾರೂ ಇಲ್ಲದ್ದು ನೋಡಿ ಹೋದೆ. ಚಿಕ್ಕಜಾಲ, ಗಾಡಿ, ಬುತ್ತಿ, ತಮಟೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅಜ್ಜಿ ನಿಮಗೆ ಹೇಳು ಅಂದಿದ್ದರು, ನಾನೇ ತಡ ಮಾಡಿದೆ ಎಂದೆ. ತಾತ ಅರ್ಧ ಸೇದಿದ ಬೀಡಿಯನ್ನು ನೆಲಕ್ಕೊತ್ತಿ ಆರಿಸಿದರು.

"ಗೊತ್ತಿತ್ತು ತಾಯಿ. ಅವತ್ತು ತಮಟೆ ಬಡ್ದೋನು ನಮ್ಮಣ್ಣನೇ."

ನಾನು ದಂಗಾಗಿ ಹೋದೆ. ಒಬ್ಬನ ಕಿವಿ ತಪ್ಪಿಸಲು ಇಷ್ಟೆಲ್ಲ ಉಪಾಯ ಹೂಡಿದವರು, ತಮಟೆ ಯಾರ ಕೈಯಲ್ಲಿದೆ ಎಂದು ನೋಡಿಯೇ ಇರಲಿಲ್ಲ! ಊರಿಗೆಲ್ಲ ತಮಟೆ ಬಡಿಯುವ ಮನೆ ಒಂದೇ, ಅದು ತಾತನದು. ಅಣ್ಣ ಅಂದೇ ಸಂಜೆ ಚಿಕ್ಕಜಾಲಕ್ಕೆ ನಡೆದು ಹೋಗಿ ತಮ್ಮನಿಗೆ ಹೇಳಿದ್ದ. ಮತ್ತೆ ಯಾಕೆ ಬಿಟ್ಟು ಹೋಗಲಿಲ್ಲ ಎಂದೆ. ಅಪ್ಪ ಅವ್ವ ಇದ್ದ ಗುಡಿಸಲು ಆ ಮನೆಯವರ ಹೊಲದಲ್ಲಿತ್ತು, ತಾನು ಹೊರಟರೆ ಅವರು ಬೀದಿಗೆ ಬೀಳುತ್ತಿದ್ದರು ಎಂದರು. ಆರಿದ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು, "ಬುತ್ತಿ ಕೊಡೋವಾಗ ಅಮ್ಮಾರು ನನ್ನ ಮುಖಾನೇ ನೋಡ್ಲಿಲ್ಲ. ಇವತ್ತೇಳ್ತಾರೆ, ನಾಳೆ ಏಳ್ತಾರೆ ಅಂತ ನೋಡ್ತಿದ್ದೆ," ಎಂದರು.

ಒಳಗೆ ಬನ್ನಿ ತಾತ, ನಿಮಗೆ ಗೊತ್ತಿತ್ತು ಅಂತ ಅಜ್ಜಿಗೆ ಒಂದು ಮಾತು ಹೇಳಿ ಎಂದು ಅಂಗಲಾಚಿದೆ. ಅವರು ಬಾಗಿಲ ಕಡೆ ಒಮ್ಮೆ ನೋಡಿದರು. ಒಳಗೆ ನಾನು ಯಾವತ್ತು ಹೋಗಿದೀನಿ ತಾಯಿ ಎಂದು, ನೀರು ಬಿಡುವ ಹೊತ್ತಾಯಿತೆಂದು ಎದ್ದರು. ಸಿಟ್ಟೇನೂ ಇರಲಿಲ್ಲ ಮುಖದಲ್ಲಿ. ಅದೇ ನನ್ನನ್ನು ಹೆಚ್ಚು ಹೆದರಿಸಿತು.

ನಾನೇ ಹೋದೆ. ಅಜ್ಜಿಯ ಕಿವಿಯ ಹತ್ತಿರ ಬಾಗಿ, ಹೇಳಿದೆ ಅಜ್ಜಿ, ಅವರಿಗೆ ಮೊದಲೇ ಗೊತ್ತಿತ್ತಂತೆ, ಆ ದಿನವೇ ಗೊತ್ತಿತ್ತಂತೆ ಎಂದೆ. ಎದೆಯ ಭಾರ ಇಳಿದೀತು, ಮುಖ ಅರಳೀತು ಎಂದು ಕಾದೆ. ಹದಿನೇಳರ ಪೆದ್ದಿ ನಾನು. ಅಜ್ಜಿಯ ಕಣ್ಣು ದೊಡ್ಡದಾಯಿತು. ನಲವತ್ತು ವರ್ಷಕ್ಕೂ ಮೇಲೆ, ಗೊತ್ತಿಲ್ಲದವನಿಗೆ ಉಣ್ಣಲು ಇಕ್ಕುತ್ತಿದ್ದೇನೆ ಎಂದುಕೊಂಡಿದ್ದವರಿಗೆ, ಅವನು ದಿನಾ ಎಲ್ಲ ಗೊತ್ತಿದ್ದೇ ಕೈ ಚಾಚಿದ್ದು ಎಂದು ಆ ಕ್ಷಣ ತಿಳಿಯಿತು. ಎಡಗೈಯಿಂದ ತಡಕಾಡಿ ಸೆರಗು ಹಿಡಿದು ಮುಖದ ಮೇಲೆ ಎಳೆದುಕೊಂಡರು. ಸೊಸೆ ಹಾಲು ತಂದಾಗಲೂ ತೆಗೆಯಲಿಲ್ಲ. ನಾಲ್ಕನೇ ದಿನ ಹೋಗಿಬಿಟ್ಟರು. ಜುಲೈನಲ್ಲಿ ಫಲಿತಾಂಶ ಬಂತು, ಐದಕ್ಕೆ ಐದು. ಅಮ್ಮ ಎಲ್ಲ ಮಹಡಿಗೂ ಪೇಡೆ ಹಂಚಿದಳು.

ಮಾರ್ಕೆಟ್ಟಿನಿಂದ ಬಂದ ಮೇಲೆ ಮನಸ್ಸು ನಿಲ್ಲಲಿಲ್ಲ. ಆ ಕಟ್ಟಡ ಈಗ ಪಿ.ಜಿ. ಆಗಿದೆ, ತಾತ ದೊಡ್ಡಬಳ್ಳಾಪುರದ ಮಗಳ ಮನೆ ಸೇರಿದ್ದಾರೆಂದು ಕೇಳಿದ್ದೆ. ಈ ಭಾನುವಾರ ಹುಡುಕಿಕೊಂಡು ಹೋದೆ. ಗೋಡೆಯ ಮೇಲೆ ಹಾರ ಹಾಕಿದ ಫೋಟೋ... ಹೋದ ಯುಗಾದಿ ಕಳೆದು ಸ್ವಲ್ಪ ದಿನಕ್ಕೇ ಆಯಿತಂತೆ. ಮಗಳು ಕೂರಿಸಿ ಕಾಫಿ ಕೊಟ್ಟರು. ಅಪ್ಪ ಆ ಮನೆಗೆ ವಾಚ್‌ಮನ್ ಕೆಲಸಕ್ಕೆಂದೇ ಸೇರಿದವರು ಎಂದು ಅವರು ತಿಳಿದಿದ್ದರು. ಅಮ್ಮಾರು ತೀರಿಕೊಂಡಾಗ ಅಪ್ಪ ಮೂರು ದಿನ ಊಟ ಬಿಟ್ಟಿದ್ದರು, ಅಷ್ಟು ಒಳ್ಳೆ ಮನೆ ಅದು ಎಂದರು. ಏನೂ ಗೊತ್ತಿಲ್ಲ! ತಾತ ಮಗಳಿಗೂ ಹೇಳಿರಲಿಲ್ಲ.

"ಏನಾದ್ರೂ ವಿಷ್ಯ ಇತ್ತಾ ಮೇಡಂ, ಇಷ್ಟು ದೂರ ಬಂದಿದೀರ?" ಎಂದು ಕೇಳಿದರು.

ಬಾಯಿಯವರೆಗೆ ಬಂತು. ಸೆರಗು ಎಳೆದುಕೊಂಡ ಆ ಎಡಗೈ ಕಣ್ಣಿಗೆ ಕಟ್ಟಿತು. ಏನಿಲ್ಲ, ಸುಮ್ಮನೆ ಮಾತಾಡಿಸಿಕೊಂಡು ಹೋಗೋಣ ಅಂತ ಬಂದೆ ಎಂದೆ. ಕಾಫಿ ಕುಡಿದು ಎದ್ದು ಬಂದೆ. ಅಜ್ಜಿ ಇಲ್ಲ, ತಾತ ಇಲ್ಲ. ಗೊತ್ತಿದ್ದೂ ಹೇಳದವಳು ಈಗ ನಾನು.