ನರ್ಸಬಾಯಿ ಇಟ್ಟುಕೊಂಡ ಜಾಮೀನು

ಮೈಲೂರಿನ ಮನಿಯಾಗ ಕುಂತು ಆಡಿಯೊ ಪುಸ್ತಕಕ್ಕಂತ ಓದಿ ರೆಕಾರ್ಡ್ ಮಾಡೋದು ನನ್ನ ಕೆಲಸ. ಒಂದು ಕಾದಂಬರಿಯಾಗ ವಯಸ್ಸಾದ ನರ್ಸ್ ಬಂದಳು. ಆಕಿ ಮಾತಿನ ಧಾಟಿ ಹಿಡಿಯೋಣಂತ ಹಲಬರ್ಗಾದ ರಿಟೈರ್ಡ್ ನರ್ಸಬಾಯಿ ಒಬ್ಬರ ಮನಿಗಿ ಹೋದೆ. "ಅಮ್ಮಾ, ಸ್ವಲ್ಪ ಮಾತಾಡ್ರಿ, ರೆಕಾರ್ಡ್ ಮಾಡ್ಕೋತೇನಿ" ಅಂದೆ.

ಅವರು ಬಾಯಿಗಿ ಸೆರಗು ಹಚ್ಚಿದರು. "ದನಿ ಹಿಡಕೊಂಡು ಮೋಸ ಮಾಡ್ತಾರಂತ ಚರ್ಚಿನ್ಯಾಗ ಹೇಳ್ಯಾರ್ರಿ. ಮೊದಲು ನೀವು ಯಾರಂತ ಹೇಳಿ, ಕೈಯಾಗಿನ ಆ ಪುಸ್ತಕ ಓದ್ರಿ."

ಹೆಸರು, ಊರು ಹೇಳಿ, ಕಾದಂಬರಿಯ ಒಂದು ಇಡೀ ಪುಟ ಓದಿದೆ. ಮುಗಿದ ಮ್ಯಾಲೆ ಅವರು ಸೆರಗಿನ ಮರಿಯಿಂದ ತಮ್ಮ ಮೊಬೈಲ್ ತೆಗೆದು ರೆಕಾರ್ಡಿಂಗ್ ಬಂದ್ ಮಾಡಿದರು.

"ಏನರೆ ಆದ್ರ ಇದನ್ನ ಪೊಲೀಸರಿಗಿ ಕೇಳಸ್ತೇನಿ. ಈಗ ಹೇಳ್ರಿ, ಏನು ಮಾತಾಡ್ಲಿ?"

ಪುಟಕ್ಕ ಹತ್ತು ಸಲ ತಪ್ಪಿ ಮತ್ತ ಓದಾಂವ ನಾನು. ಅವತ್ತೊಂದೇ ದಿನ ಒಂದೂ ತಪ್ಪಿಲ್ಲದಂಗ ಓದಿದ್ದೆ. ಆ ಓದು ಪೊಲೀಸರ ದಾರಿ ಕಾಯ್ಕೋತ ಹಲಬರ್ಗಾದಾಗ ಕುಂತದ.