ಪಕ್ಕೀರಪ್ಪ ಕೇಳಲಿಲ್ಲ

ಯಶವಂತನಗರದ ಕಂಪನಿ ಬಸ್ಸಿನ ಡ್ರೈವರ್ ಪಕ್ಕೀರಪ್ಪನಿಗೆ ಈಗ ಐವತ್ನಾಲ್ಕು. ಇಷ್ಟು ವರ್ಷದಲ್ಲಿ ಯಾರನ್ನೂ ಏನನ್ನೂ ಕೇಳಿದ ಪ್ರಾಣಿಯಲ್ಲ ಅವನು. ಊಟಕ್ಕೆ ಕೂತರೆ ಎರಡನೇ ಸಲ ಸಾರು ಕೇಳುವುದಿಲ್ಲ. ಬಡಿಸುವವರು ಮರೆತರೆ ಒಣ ಅನ್ನವನ್ನೇ ಉಂಡು ಏಳುತ್ತಾನೆ. ಇಪ್ಪತ್ತಾರು ವರ್ಷದಿಂದ ಗಣಿಯ ಆಳುಗಳನ್ನು ಬೆಟ್ಟ ಹತ್ತಿಸಿ ಇಳಿಸುತ್ತಿದ್ದಾನೆ; ಒಮ್ಮೆಯೂ ಬಾಯಿಬಿಟ್ಟು ರಜೆ ಕೇಳಿಲ್ಲ. ಅಷ್ಟೇಕೆ, ಹೆಣ್ಣು ನೋಡಲು ಕಂಪ್ಲಿಗೆ ಹೋದಾಗ "ಹುಡುಗಿ ಮನಸಿಗೆ ಬಂದಾಳೇನಪ್ಪಾ?" ಎಂದು ಎಲ್ಲರೂ ಇವನ ಮುಖ ನೋಡಿದರೆ, ಇವನು ಚಾವಣಿಯ ತೊಲೆ ಎಣಿಸುತ್ತ ಕೂತಿದ್ದನಂತೆ. ಸೋದರಮಾವ ತಾಳ್ಮೆಗೆಟ್ಟು ಇವನ ಪರವಾಗಿ ಕೇಳಿದ್ದಕ್ಕೆ ರೇಣುಕಾದೇವಿಯ ಜೊತೆ ಮದುವೆಯಾಯಿತು. ಇಲ್ಲದಿದ್ದರೆ ಇವತ್ತಿಗೂ ಅಲ್ಲೇ ಕೂತಿರುತ್ತಿದ್ದ.

ಅಹಂಕಾರ ಎನ್ನುವಂತಿಲ್ಲ. ಕೇಳಿದರೆ ಎದುರಿನವರು ಇಲ್ಲ ಎನ್ನಲಾರದೆ ಇಕ್ಕಟ್ಟಿಗೆ ಬೀಳುತ್ತಾರೆ ಎಂಬುದು ಅವನ ಲೆಕ್ಕ. ತಾನು ಮಾಡುತ್ತಿರುವುದು ಮರ್ಯಾದೆ ಎಂದೇ ಅವನು ತಿಳಿದಿದ್ದ. ಆ ಮರ್ಯಾದೆಗಿಷ್ಟು ಬೆಂಕಿ ಬೀಳಲಿ.

ಶಿವರಾತ್ರಿ ಮುಗಿದ ವಾರ ರೇಣುಕಾದೇವಿ ಕಂಪ್ಲಿಗೆ ಹೋದಳು. ಅಲ್ಲಿ ಅವಳ ಅಕ್ಕ ದುರ್ಗಕ್ಕನದು ಜೋಳದ ರೊಟ್ಟಿಯ ಅಂಗಡಿ. ದುರ್ಗಕ್ಕನ ಮೊಣಕಾಲಿಗೆ ಆಪರೇಷನ್ ಆಗಿತ್ತು, ನೋಡಿಕೊಳ್ಳುವವರಿರಲಿಲ್ಲ, ಹದಿನೈದು ದಿನದ ಮಾತು. ಹದಿನೈದು ದಿನ ತಿಂಗಳಾಯಿತು, ತಿಂಗಳು ಎಂಟಾದವು. ದೀಪಾವಳಿಯೂ ಬಂದು ಹೋಯಿತು. ಒಬ್ಬಳೇ ಮಗಳನ್ನು ಚೋರನೂರಿಗೆ ಕೊಟ್ಟಾಗಿತ್ತು. ಹಾಗಾಗಿ ಕಂಪನಿ ಕ್ವಾರ್ಟರ್ಸಿನ ಎರಡು ಕೋಣೆಯ ಮನೆಯಲ್ಲಿ ಪಕ್ಕೀರಪ್ಪ ಒಬ್ಬನೇ ಉಳಿದ.

ಹೆಂಡತಿ ಇಲ್ಲದ ಮನೆಯಲ್ಲಿ ಅವನಿಗೆ ಎಲ್ಲಕ್ಕಿಂತ ಹೆಚ್ಚು ನೆನಪಾಗುತ್ತಿದ್ದದ್ದು ಅವಳ ಬೈಗಳು. ಸಂಜೆಯಾದರೆ ರೇಣುಕಾದೇವಿ ಒದ್ದೆ ಬಟ್ಟೆ ಹಿಡಿದು ಕಿಟಕಿಯ ಕಟ್ಟೆಯ ಮೇಲಿನ ಕೆಂಪು ಧೂಳನ್ನು ಒರೆಸುತ್ತ, "ಇವರ ಅದಿರಿಗಿಷ್ಟು, ಇವರ ಲಾರಿಗಿಷ್ಟು, ಎಷ್ಟ್ ಒರಸಿದ್ರೂ ಅಷ್ಟ!" ಎಂದು ಇಡೀ ಗಣಿಯನ್ನೇ ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ಈಗ ಆ ಬಟ್ಟೆ ಪಕ್ಕೀರಪ್ಪನ ಕೈಗೆ ಬಂದಿತ್ತು. ಒರೆಸುವಾಗ ಅವನೂ ಅದೇ ಮಾತನ್ನು ಅವಳದೇ ರಾಗದಲ್ಲಿ ಗೊಣಗುತ್ತಿದ್ದ. ವಾರಕ್ಕೊಮ್ಮೆ ಕ್ವಾರ್ಟರ್ಸಿನ ಹೆಂಗಸರನ್ನು ಸಂಡೂರಿನ ಸಂತೆಗೆ ಕರೆದೊಯ್ಯುವ ಟ್ರಿಪ್ಪಿನಲ್ಲಿ ಅವಳು ಯಾವಾಗಲೂ ಎರಡನೇ ಸೀಟಿನ ಕಿಟಕಿಯ ಬದಿಗೆ ಕೂರುತ್ತಿದ್ದಳು. ಅವಳ ಮುಖ ಕಾಣುವ ಹಾಗೆ ತಿರುಗಿಸಿಟ್ಟ ಕನ್ನಡಿಯನ್ನು ಅವನು ಇನ್ನೂ ಸರಿಪಡಿಸಿರಲಿಲ್ಲ. ಅದರಲ್ಲಿ ಈಗ ಯಾರದೋ ಕಾಯಿಪಲ್ಲೆಯ ಚೀಲ ಕಾಣುತ್ತಿತ್ತು.

ದಿನಾ ಸಂಜೆ ಆರಕ್ಕೆ ಫೋನು. ಊಟ ಏನು, ಅಕ್ಕ ಹೇಗಿದ್ದಾಳೆ, ಅಲ್ಲಿ ಮಳೆ ಬಂತಾ, ಇಷ್ಟೇ. "ಯಾವಾಗ ಬರ್ತಿ?" ಎಂಬ ಎರಡು ಶಬ್ದ ದಿನಾ ಗಂಟಲವರೆಗೆ ಬರುತ್ತಿತ್ತು. ಕೇಳಿದರೆ ಪಾಪ, ಅಕ್ಕನನ್ನು ಬಿಟ್ಟು ಓಡಿಬರುತ್ತಾಳೆ ಎಂದು ನುಂಗಿಕೊಳ್ಳುತ್ತಿದ್ದ. ತನ್ನ ಆಸೆಯ ಭಾರವನ್ನು ಅವಳ ತಲೆಯ ಮೇಲೆ ಹೊರಿಸಬಾರದು ಎಂಬ ದೊಡ್ಡಸ್ತಿಕೆ.

ಹೀಗಿರುವಾಗ ಫೋನು ಕೈಕೊಡತೊಡಗಿತು. ಅದಿರಿನ ಪುಡಿ ಕುಡಿದು ಕುಡಿದು ಕೆಳಗಿನ ದೊಡ್ಡ ಸ್ಪೀಕರ್ ಹೋದ ವರ್ಷವೇ ಸತ್ತಿತ್ತು. ಇಯರ್‌ಫೋನಿನ ತೂತು ಕೆಂಪಗೆ ಗಾರೆ ಹಾಕಿದಂತೆ ಮುಚ್ಚಿಹೋಗಿತ್ತು. ಉಳಿದದ್ದು ಕಿವಿಗೆ ಹಿಡಿಯುವ ಸಣ್ಣ ಸ್ಪೀಕರ್ ಒಂದೇ. ಅದರ ದನಿಯೂ ಒಂದು ತಿಂಗಳಿಂದ ದಿನದಿನಕ್ಕೆ ಇಳಿಯುತ್ತ ಬಂತು. ರೇಣುಕಾದೇವಿ ಏನೋ ಹೇಳುತ್ತಿದ್ದಾಳೆ ಎಂಬುದಷ್ಟೇ ಗೊತ್ತಾಗುತ್ತಿತ್ತು, ಏನೆಂಬುದು ಗೊತ್ತಾಗುತ್ತಿರಲಿಲ್ಲ. ಇನ್ನೊಮ್ಮೆ ಹೇಳು ಎಂದು ಕೇಳಬಹುದಿತ್ತು. ಕೇಳಿದರೆ ಅವನು ಪಕ್ಕೀರಪ್ಪ ಹೇಗಾದಾನು? "ಹೂಂ... ಹೂಂ..." ಎನ್ನುತ್ತ ಒಂದು ತಿಂಗಳು ತಳ್ಳಿದ.

ಗುರುವಾರ ಸಂಜೆ ಅವಳಿಂದ ವಾಟ್ಸಾಪಿನಲ್ಲಿ ಒಂದು ನಿಮಿಷದ ವಾಯ್ಸ್ ಮೆಸೇಜ್ ಬಂತು. ಎಂದೂ ಹಾಗೆ ಕಳಿಸಿದವಳಲ್ಲ. ಉಸಿರು ಬಿಗಿಹಿಡಿದು ಕಿವಿಗೆ ಒತ್ತಿಕೊಂಡ. ಪಿಸುಗುಟ್ಟಿದ ಹಾಗೆ ಏನೇನೋ ಆಗಿ, ಕೊನೆಗೆ ದನಿ ಎತ್ತರಿಸಿದ್ದರಿಂದ ಮೂರು ಶಬ್ದ ಮಾತ್ರ ಕಿವಿಗೆ ಬಿತ್ತು: "ನೀವು ಕೇಳ್ಲೇ ಇಲ್ಲ."

ಕೇಳಿಸದಿದ್ದರೂ ಹೂಂಗುಟ್ಟುತ್ತಿದ್ದದ್ದು ಅವಳಿಗೆ ತಿಳಿದುಹೋಗಿದೆ! ತಪ್ಪು ಒಪ್ಪಿಕೊಂಡುಬಿಡುವುದೇ ಮೇಲು ಎಂದು ಅವನೂ ಒಂದು ವಾಯ್ಸ್ ಮೆಸೇಜ್ ಕಳಿಸಿದ: "ಹೌದ್ ಬಿಡು, ಕೇಳ್ಲಿಲ್ಲ. ಹಳೇದು ಕೆಟ್ಟೋತು. ಇಷ್ಟ್ ದಿನ ಬಂತು, ಇನ್ನೆಷ್ಟ್ ಬಂದೀತು? ಐತವಾರದೊಳಗ ಒಂದು ಹೊಸಾದು ತಂದ್ಕಂತೀನಿ. ನೀ ಏನ್ ಚಿಂತಿ ಮಾಡಬ್ಯಾಡ."

ಅಲ್ಲಿಂದಾಚೆ ಕಂಪ್ಲಿಯ ಕಡೆಯಿಂದ ಸದ್ದೇ ಇಲ್ಲ. ಶುಕ್ರವಾರವೂ ಶನಿವಾರವೂ ಆರು ಗಂಟೆಗೆ ಫೋನು ಮಾಡಿದ. ರಿಂಗೂ ಕೇಳಿಸದು, ಅವಳು ಎತ್ತಿದಳೋ ಇಲ್ಲವೋ ತಿಳಿಯದು. ಎತ್ತಿರಬಹುದು ಎಂದುಕೊಂಡು, "ಉಂಡ್ಯಾ? ಅಕ್ಕಗ ಆರಾಮ?" ಎಂದು ತಾನೇ ಮಾತಾಡಿ ಇಟ್ಟ. ಎಲ್ಲ ಈ ಹಾಳು ಸ್ಪೀಕರಿನದೇ ಪಾಪ ಎಂದು ಅದರ ಮೇಲೆ ಹಲ್ಲು ಕಡಿದ.

ಶನಿವಾರ ಮಧ್ಯಾಹ್ನ ಡ್ಯೂಟಿ ಬಿಟ್ಟವನೇ ಹೊಸಪೇಟೆಯ ಬಸ್‌ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಗೆ ಹೋಗಿಬಂದಿದ್ದ. "ಬಿಟ್ಟು ಹೋಗ್ರಿ, ಸೋಮವಾರ ಬರ್ರಿ," ಎಂದ ಅಂಗಡಿಯವನು. ಎರಡು ಸಂಜೆ ಫೋನಿಲ್ಲದೆ ಹೇಗಿರುವುದು? ನನ್ನ ಮುಂದೆ ಈಗಲೇ ಹಾಕಿಕೊಡಪ್ಪ ಎಂದು ಕೇಳಿದ್ದರೆ ಅರ್ಧ ಗಂಟೆಯ ಕೆಲಸ. ಅವನು ಕೇಳಲಿಲ್ಲ. ಸ್ಪೀಕರ್ ಒಂದನ್ನೇ ಕೊಂಡು, ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಜೇಬಿಗಿಟ್ಟುಕೊಂಡು ಬಂದ. ಬಸ್ಸಿನ ಗೇರ್‌ಬಾಕ್ಸ್ ಬಿಚ್ಚಿ ಜೋಡಿಸಿದ ಕೈಗೆ ಇದ್ಯಾವ ಮಹಾ ಎಂಬ ಧೈರ್ಯ.

ಭಾನುವಾರ ಬೆಳಿಗ್ಗೆ ವರಾಂಡದಲ್ಲಿ ಚಾಪೆ ಹಾಸಿ ಕೂತ ಮೇಲೆ ಧೈರ್ಯ ಜಾರಿತು. ಹೇಗೆ ಬಿಚ್ಚಬೇಕೆಂದು ತೋರಿಸುವ ವೀಡಿಯೊ ಇದ್ದದ್ದು ಬಿಚ್ಚಬೇಕಾದ ಫೋನಿನಲ್ಲೇ. ಒಂದು ಸಲ ನೋಡುವುದು, ಫೋನು ಆಫ್ ಮಾಡುವುದು, ಮುಂದಿನದು ಮರೆತು ಮತ್ತೆ ಆನ್ ಮಾಡುವುದು. ಮೂರು ಸಲ ಹೀಗಾಯಿತು. ಪಕ್ಕದ ಮನೆಯ ಶಾಂಭವಿ ಬಟ್ಟೆ ಒಣಹಾಕುತ್ತ ಇದನ್ನೆಲ್ಲ ನೋಡುತ್ತಿದ್ದಳು. ಕಂಪನಿಯ ಆಫೀಸಿನಲ್ಲಿ ಲಾರಿಗಳ ತೂಕ ಬರೆದುಕೊಳ್ಳುವ ಹುಡುಗಿ, ಬಾಯಿ ಚುರುಕು.

"ಮಾಮಾ, ನೀವು ಸತ್ರೂ ಕೇಳಂಗಿಲ್ಲ ಅಂತ ಗೊತ್ತೈತಿ. ತಗೋರಿ," ಎಂದು ತನ್ನ ಫೋನಿನಲ್ಲಿ ವೀಡಿಯೊ ಹಚ್ಚಿ ಗೋಡೆಗೆ ಒರಗಿಸಿಟ್ಟು, ತಾನೂ ಚಾಪೆಯ ಅಂಚಿಗೆ ಕೂತಳು.

ಹಂಚು ಕಾಯಿಸಿ, ಅದರ ಮೇಲೆ ಬೆಚ್ಚಗೆ ಮಾಡಿದ ಬಟ್ಟೆಯನ್ನು ಫೋನಿನ ಬೆನ್ನಿಗೆ ಒತ್ತಿದರು. ಅಂಟು ಸಡಿಲಾದ ಮೇಲೆ ಹಳೆಯ ಎಟಿಎಂ ಕಾರ್ಡನ್ನು ಸಂದಿಗೆ ತೂರಿಸಿ ಸುತ್ತಲೂ ಎಳೆದರೆ ಹಿಂದಿನ ಮುಚ್ಚಳ ಬಾಯಿಬಿಟ್ಟಿತು. ಒಳಗೆ ಸಾಸಿವೆಯಷ್ಟು ಸಣ್ಣ ಸ್ಕ್ರೂಗಳು, ಒಟ್ಟು ಹದಿಮೂರು. ಶಾಂಭವಿ ಚಾಕ್‌ಪೀಸಿನಲ್ಲಿ ನೆಲದ ಮೇಲೆ ಫೋನಿನ ಚಿತ್ರ ಬರೆದು, ಬಿಚ್ಚಿದ ಸ್ಕ್ರೂಗಳನ್ನು ಆಯಾ ಜಾಗದಲ್ಲೇ ಇಡಿಸಿದಳು. "ಮೊದ್ಲು ಬ್ಯಾಟ್ರಿ ವೈರ್ ಎಬ್ಬಸ್ರಿ, ಇಲ್ಲಾಂದ್ರ ಪೂರ್ತಿ ಸುಟ್ಟೋಗ್ತೈತಿ," ಎಂದಳು. ಮುಳ್ಳು ಕೀಳುವ ಚಿಮಟದಿಂದ ಅವನು ಅದನ್ನು ಎಬ್ಬಿಸುವಾಗ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಘಾಟಿಯಲ್ಲಿ ಬ್ರೇಕು ಸೋತಾಗಲೂ ಇಷ್ಟು ಹೆದರಿದವನಲ್ಲ.

ಮೇಲ್ತುದಿಯಲ್ಲಿ ಸಿಕ್ಕಿತು ಅಪರಾಧಿ. ಅನ್ನದ ಅಗುಳಿಗಿಂತ ತುಸು ದೊಡ್ಡದು, ಮೈಯೆಲ್ಲ ಕೆಂಗಪ್ಪು ಪುಡಿ. ಊದಿದರೂ ಹೋಗಲಿಲ್ಲ, ಬ್ರಷ್ಷಿಗೂ ಜಗ್ಗಲಿಲ್ಲ.

"ಸ್ಪೀಕರಿನೊಳಗ ಮ್ಯಾಗ್ನೆಟ್ ಇರ್ತೈತಿ ಮಾಮಾ. ಕಬ್ಬಿಣದ ಪುಡಿ ಬಿಡ್ತೈತೇನು? ನಮ್ಮೂರಿನ ಫೋನೆಲ್ಲ ಹಿಂಗ ಕಿವುಡಾಗೋದು," ಎಂದು ಶಾಂಭವಿ ನಕ್ಕಳು.

ಹೊಸದಕ್ಕೆ ಬೆಸುಗೆಯ ರಗಳೆ ಇರಲಿಲ್ಲ, ಗೂಡಿನಲ್ಲಿಟ್ಟು ಒತ್ತಿದರೆ ಕೂರುವಂಥದು. ಒತ್ತಿದ, ಕೂತಿತು. ಹದಿಮೂರು ಸ್ಕ್ರೂ ತಿರುಗಿಸಿ ಫೋನು ಹಚ್ಚಿದರೆ ದನಿ ಮೊದಲಿಗಿಂತ ಕಡಿಮೆ! ಪಕ್ಕೀರಪ್ಪನಿಗೆ ಅಳು ಬರುವುದೊಂದು ಬಾಕಿ. ಮತ್ತೆ ಬಿಚ್ಚಿ ನೋಡಿದರೆ ಸ್ಪೀಕರಿನ ಬಾಯಿಗೆ ಅಂಟಿಸಿದ್ದ ತೆಳು ಹಾಳೆಯನ್ನು ಇಬ್ಬರೂ ಕೀಳಲು ಮರೆತಿದ್ದರು. ಅದನ್ನು ಸುಲಿದು, ಇನ್ನೊಮ್ಮೆ ಜೋಡಿಸುವಷ್ಟರಲ್ಲಿ ಹನ್ನೆರಡು ದಾಟಿತ್ತು.

"ಈಗ ಏನಾರ ಹಚ್ಚಿ ಕಿವಿಗಿ ಹಿಡೀರಿ," ಎಂದಳು ಶಾಂಭವಿ.

ಅವನ ಬೆರಳು ತಾನಾಗಿಯೇ ಗುರುವಾರದ ಆ ಮೆಸೇಜಿನ ಮೇಲೆ ಹೋಯಿತು. ಕಿವಿಗಿಟ್ಟುಕೊಂಡ. ರೇಣುಕಾದೇವಿ ಪಕ್ಕದಲ್ಲೇ ಕೂತಷ್ಟು ಸ್ಪಷ್ಟವಾಗಿ ಮಾತಾಡಿದಳು.

"ಏನ್ರೀ, ಫೋನಿನಾಗ ಹೇಳಿದ್ರ ಬರೇ ಹೂಂ ಅಂತೀರಿ, ಅದಕ್ಕ ಹಿಂಗ ಹೇಳಾಕತ್ತೀನಿ. ಅಕ್ಕಗ ಆರಾಮಾಗಿ ತಿಂಗಳಾತು, ಕೋಲ್ ಬಿಟ್ಟು ನಡದಾಡ್ತಾಳ. ರೊಟ್ಟಿ ಒಯ್ಯಾಕ ಬಂದೋರು ಕೇಳ್ತಾರ, ಯಾವಾಗ ಹೊಂಟಿಬೇ ಅಂತ. ಚೋರನೂರಿಂದ ಮಗಳು ಕೇಳ್ತಾಳ. ದೀಪಾವಳಿಗಿ ನೀವು ಕೇಳ್ತೀರಿ ಅಂತ ಸೀರಿ ಮಡಚಿ ಇಟ್ಕಂಡು ಕುಂತಿದ್ನಿ. ಈಗ ಅಕ್ಕ, ಯುಗಾದಿ ತನಕ ಇಲ್ಲೇ ಇದ್ದು ಅಂಗಡಿ ನೋಡ್ಕೋ ಅಂತಾಳ. ಐತವಾರ ತನಕ ತಡಿ ಅಂದೀನಿ. ನನಗೇನ್ ಬ್ಯಾರೆ ಬೇಕಾಗಿಲ್ರೀ. ಯಾವಾಗ ಬರ್ತಿ ಅಂತ ಎಲ್ರೂ ಕೇಳಿದ್ರು. ನೀವು ಕೇಳ್ಲೇ ಇಲ್ಲ."

ಪಕ್ಕೀರಪ್ಪ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ತಾನು ಕಳಿಸಿದ ಉತ್ತರ ನೆನಪಾಯಿತು. ಕೇಳ್ಲಿಲ್ಲ, ಹಳೇದು ಕೆಟ್ಟೋತು, ಹೊಸಾದು ತಂದ್ಕಂತೀನಿ, ಚಿಂತಿ ಮಾಡಬ್ಯಾಡ. ಅಷ್ಟುದ್ದ ಮಾತಿನಲ್ಲಿ ಸ್ಪೀಕರ್ ಎಂಬ ಶಬ್ದ ಒಂದೇ ಒಂದು ಸಲವೂ ಬಂದಿರಲಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದ ಹೆಂಗಸು ಅದನ್ನು ಒಬ್ಬಳೇ ಕೂತು ಕೇಳಿಸಿಕೊಂಡಿದ್ದಾಳೆ. ಒಂದಲ್ಲ, ನಾಲ್ಕು ಸಲ ಹಾಕಿಕೊಂಡು ಕೇಳಿರುತ್ತಾಳೆ. ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅವಳ ಮುಖ ನೋಡಬೇಕೆನಿಸಿತು. ಈಗಲೇ, ಈ ಕ್ಷಣವೇ.

"ಕೇಳಿಸ್ತೇನ್ ಮಾಮಾ?" ಎಂದಳು ಶಾಂಭವಿ.

"ಕೇಳಿಸ್ತವ್ವಾ," ಎಂದ. ಅವನ ಮುಖ ನೋಡಿ ಅವಳು ತನ್ನ ಫೋನು ತೆಗೆದುಕೊಂಡು ಮನೆಯೊಳಗೆ ಹೋದಳು.

ಆರು ಗಂಟೆಯವರೆಗೆ ಕಾಯುವ ಪ್ರಶ್ನೆಯೇ ಇರಲಿಲ್ಲ. ಫೋನು ಮಾಡಿದ. ಈಗ ರಿಂಗು ಚೆನ್ನಾಗಿ ಕೇಳುತ್ತಿತ್ತು. ಎರಡು ಸಲ ಪೂರ್ತಿ ಆಗಿ ನಿಂತಿತು. ಮೂರನೇ ಸಲ ಅವಳು ಎತ್ತಿದಳು. ಹಿಂದೆ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು.

"ಸ್ಪೀಕರ್ ಲೇ!" ಎಂದು ಒಮ್ಮೆಲೇ ಕೂಗಿದ ಪಕ್ಕೀರಪ್ಪ. "ಕೆಟ್ಟಿದ್ದು ಫೋನಿನ ಸ್ಪೀಕರ್. ನೀ ಹೇಳಿದ್ದು ಒಂದೂ ಕೇಳಿಸಿದ್ದಿಲ್ಲ. ಹೊಸಾದು ಅಂದ್ರ ಸ್ಪೀಕರ್. ಈಗ ಹಾಕೀನಿ, ಈಗ ಕೇಳಿದೆ ನಿನ್ನ ಮಾತು. ನನ್ನಾಣಿ."

ಆ ಕಡೆ ಮೂಗು ಒರೆಸಿಕೊಂಡ ಸದ್ದು. "ಮೂರ್ ದಿನ ಒಂದ್ ತುತ್ತು ಇಳಿದಿಲ್ರೀ ನನಗ," ಎಂದಳು.

"ಯಾವಾಗ ಬರ್ತಿ?"

ಇಷ್ಟೇ. ಎಂಟು ತಿಂಗಳು ಗಂಟಲಲ್ಲಿ ಕೊಳೆತ ಮಾತು, ಬಂದದ್ದು ಹೀಗೆ ಸೀದಾಸಾದಾ.

"ಈಗ ಕೇಳ್ತೀರಾ?" ಎಂದಳು ರೇಣುಕಾದೇವಿ. ಸಿಟ್ಟಿಗಿಂತ ಸುಸ್ತು ಹೆಚ್ಚಿತ್ತು ದನಿಯಲ್ಲಿ. "ನಿಮ್ಮ ಮೆಸೇಜ್ ಕೇಳಿದ ರಾತ್ರಿನೇ ಅಕ್ಕಗ ಹೂಂ ಅಂದ್ಬಿಟ್ಟೆ. ನನ್ನ ಮಾತಿನ ಮ್ಯಾಲೆ ಆಕಿ ಮದಿವಿ ಮನಿಯೋರ ರೊಟ್ಟಿ ಆರ್ಡರ್ ಎಲ್ಲ ಒಪ್ಕಂಡಾಳ. ಯುಗಾದಿ ತನಕ ಬಿಟ್ಟು ಬರಾಕ ಆಗಂಗಿಲ್ಲ."

"ಹೂಂ, ಆತು" ಎಂಬ ಹಳೆಯ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅಂದುಬಿಟ್ಟರೆ ಸುಲಭ. ಯಾರಿಗೂ ಇಕ್ಕಟ್ಟಿಲ್ಲ. ಯುಗಾದಿಗೆ ಇನ್ನು ಐದು ತಿಂಗಳು, ಅಷ್ಟು ದಿನ ಕಿಟಕಿ ಒರೆಸಿಕೊಂಡಿದ್ದರಾಯಿತು. ತಾನೇ ಅಲ್ಲಿಗೆ ಹೋಗೋಣವೆಂದರೆ, ಹೆಂಡತಿಯ ಅಕ್ಕನ ಮನೆಯಲ್ಲಿ ಠಿಕಾಣಿ ಹೂಡಿದನೆಂದು ಜನ ಆಡಿಕೊಂಡು ನಗುತ್ತಾರೆ. ಸೋಮವಾರದ ಡ್ಯೂಟಿ ಬದಲಿಸಿಕೊಡಿ ಎಂದು ಸೂಪರ್‌ವೈಸರನನ್ನು ಬೇರೆ ಕೇಳಬೇಕು. ದುರ್ಗಕ್ಕನನ್ನೂ ಕೇಳಬೇಕು. ಎಷ್ಟು ಜನರನ್ನು ಕೇಳುವುದು!

"ಹಂಗಾದ್ರ," ಎಂದ ಪಕ್ಕೀರಪ್ಪ. "ಹಂಗಾದ್ರ ನಾ ಬರ್ಲ್ಯಾ ಅಲ್ಲಿಗೆ? ಇವತ್ತ ಬರ್ತೀನಿ. ಆಮ್ಯಾಲೆ ವಾರವಾರ ಬರ್ತೀನಿ, ಶನಿವಾರ ಡ್ಯೂಟಿ ಬಿಟ್ಟ ಕೂಡ್ಲೆ. ಬರ್ಲ್ಯಾ ರೇಣುಕಾ?"

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಸ್ಪೀಕರ್ ಮತ್ತೆ ಕೈಕೊಟ್ಟಿತೇನೋ ಎಂದು ಅವನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ. ಅವಳ ಉಸಿರಾಟ ಕೇಳುತ್ತಿತ್ತು.

"ನಾ ಅಂದಿದ್ದು ಕೇಳಿಸ್ತೇನು?"

"ಕೇಳಿಸ್ತು," ಎಂದಳು ರೇಣುಕಾದೇವಿ, ಮೆಲ್ಲಗೆ. "ಇನ್ನೊಂದ್ ಸಲ ಕೇಳ್ರಿ."

ಅವನು ಕೇಳಿದ.